ಚಳಿಗಾಲದ ಗಾಳ, ರಜೆಯ ದುರ್ಬೀನು: ಓದುಗರು ಕೇಳಿದ್ದಕ್ಕೆ ಉತ್ತರ

ಕ್ರಿಸ್‌ಮಸ್‌ನಿಂದ ಸಂಕ್ರಾಂತಿವರೆಗಿನ ರಜೆಯನ್ನು ನೆನೆದು ಕೆರೆ, ಹೊಳೆ, ಹಕ್ಕಿ, ಮೀನಿನ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರ ಕೆರೆಕೋಡಿ ಪಕ್ಕ ಗಾಳ ಹಾಕಿದರೆ ಒಂದು ಗಂಟೆಯಲ್ಲಿ ನಾಲ್ಕೈದು ಮೀನು ಗ್ಯಾರಂಟಿ. ಡಿಸೆಂಬರ್ ಬಂದರೆ ಬೆಳಗ್ಗೆ ಆರಕ್ಕೇ ಹೋಗಿ ಕೂತರೂ ಬೆಂಡು ಅಲ್ಲಾಡುವುದಿಲ್ಲ. ಜಾಗ ಅದೇ, ಎರೆ ಅದೇ. ಏನು ತಪ್ಪಾಗುತ್ತಿದೆ? (ತುಮಕೂರು ಜಿಲ್ಲೆ)

ಉತ್ತರ: ಜಾಗ ಅದೇ, ಎರೆ ಅದೇ, ಹೊತ್ತೂ ಅದೇ ಎನ್ನುವುದೇ ತಪ್ಪು. ಮೀನು ಎಲ್ಲಿಗೂ ಹೋಗಿಲ್ಲ, ಅದರ ಹಸಿವು ಇಳಿದಿದೆ. ಮೀನಿನ ಮೈಬಿಸಿ ಎಂದರೆ ಅದು ಈಜುವ ನೀರಿನ ಬಿಸಿಯೇ. ನೀರು 28 ಡಿಗ್ರಿ ಇದ್ದಾಗ ಬೇಗ ಅರಗಿ ಮತ್ತೆ ಮೇಯುವ ಮೀನು, 20ರ ಹತ್ತಿರಕ್ಕೆ ಬಂದಾಗ ತಿಂದದ್ದನ್ನು ಅರಗಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಓಡಾಟವನ್ನೂ ಕಡಿಮೆ ಮಾಡುತ್ತದೆ.

ಮೊದಲು ಹೊತ್ತು ಬದಲಿಸಿ. ಬೆಳಗಿನ ಆರಕ್ಕೆ ನೀರು ಇಡೀ ದಿನದಲ್ಲೇ ತಣ್ಣಗಿರುತ್ತದೆ. ಹಸಿರು ಕಟ್ಟಿದ ಕೆರೆಯಾದರೆ ಇನ್ನೊಂದು ತೊಂದರೆಯೂ ಇದೆ: ಪಾಚಿ ರಾತ್ರಿಯಿಡೀ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ನಸುಕಿನಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಉಸಿರಾಡುವುದೇ ಕಷ್ಟವಾದ ಮೀನು ಎರೆ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಹನ್ನೊಂದರಿಂದ ನಾಲ್ಕೂವರೆವರೆಗಿನ ಹೊತ್ತು ಒಳ್ಳೆಯದು. ತಿಂಡಿ ತಿಂದು ನಿಧಾನಕ್ಕೆ ಹೊರಡಿ.

ಇನ್ನು ಜಾಗ. ಮಳೆಗಾಲದಲ್ಲಿ ಕೋಡಿ ಹರಿಯುತ್ತಿತ್ತು, ಮೀನು ಅಲ್ಲಿಗೆ ಬರುತ್ತಿತ್ತು. ಈಗ ಕೋಡಿ ನಿಂತಿದೆ. ಅಲ್ಲಿನ ತೆಳು ನೀರು ರಾತ್ರಿ ಎಲ್ಲಕ್ಕಿಂತ ಮೊದಲು ತಣ್ಣಗಾಗುತ್ತದೆ. ಹೊತ್ತೇರುವ ಮುಂಚೆ ಹೋಗಲೇಬೇಕೆಂದಿದ್ದರೆ ತೂಬಿನ ಬಳಿಯ ಆಳ ನೋಡಿಕೊಳ್ಳಿ. ಮಧ್ಯಾಹ್ನ ಮಾತ್ರ ಕೆರೆಯ ಪಡುವಣ ದಡ ಒಳ್ಳೆಯದು. ಈ ತಿಂಗಳುಗಳಲ್ಲಿ ಮೂಡಲ ಗಾಳಿ ಹೆಚ್ಚು. ಬಿಸಿಲಿಗೆ ಕಾದ ಮೇಲ್ನೀರನ್ನು ಅದು ಪಡುವಣಕ್ಕೆ ತಳ್ಳಿ ಗುಡ್ಡೆ ಹಾಕುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ದಡ ಕೂರಲು ಹಿತವಲ್ಲ, ಆದರೆ ಮೀನು ಇರುವುದು ಅಲ್ಲೇ.

ಯಾವ ಮೀನಿಗೆ ಕೂರುತ್ತೀರಿ ಎನ್ನುವುದನ್ನೂ ಯೋಚಿಸಿ. ಚಳಿಗೆ ಮೊದಲು ಬಾಯಿ ಮುಚ್ಚುವುದು ಜಿಲೇಬಿ ಮೀನು (ತಿಲಾಪಿಯಾ). ಕಾಟ್ಲಾ, ರೋಹು ಮಂದವಾಗುತ್ತವೆ. ತಣ್ಣೀರಿನಲ್ಲೂ ತಕ್ಕಮಟ್ಟಿಗೆ ಮೇಯುವುದು ಸಾಮಾನ್ಯ ಗೆಂಡೆ, ಅದೂ ತಳದಲ್ಲಿ. ಆದ್ದರಿಂದ ಎರೆ ತಳ ಮುಟ್ಟಿರಬೇಕು. ಆಳ ಅಳೆಯಲು ಕೊಕ್ಕೆಗೆ ದೊಡ್ಡ ಸೀಸದ ಗುಂಡು ಸಿಕ್ಕಿಸಿ ಎಸೆಯಿರಿ. ಬೆಂಡು ಮುಳುಗಿದರೆ ಅದನ್ನು ದಾರದ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ ಸರಿಸಿ. ತುದಿ ಮಾತ್ರ ಕಾಣುವ ಹಾಗಾದಾಗ ಇನ್ನು 5 ಸೆಂ.ಮೀ. ಹೆಚ್ಚಿಗೆ ಬಿಟ್ಟು, ದೊಡ್ಡ ಗುಂಡು ತೆಗೆದುಬಿಡಿ. ಮಳೆಗಾಲದ 0.30 ಮಿ.ಮೀ. ದಾರ, 6ನೇ ನಂಬರ್ ಕೊಕ್ಕೆ ಈಗ ಬೇಡ. ಮುಖ್ಯ ದಾರ 0.22, ಕೊಕ್ಕೆಗೆ ಕಟ್ಟುವ ಕೊನೆಯ 25 ಸೆಂ.ಮೀ. 0.18, ಕೊಕ್ಕೆ 12 ಇಲ್ಲವೇ 14 (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು). ಎರೆ ಕಡಲೆಕಾಳಿನಷ್ಟಿದ್ದರೆ ಸಾಕು. ಕೊನೆಯ ಸೀಸದ ಗುಂಡು ಕೊಕ್ಕೆಯಿಂದ 15 ಸೆಂ.ಮೀ. ಮೇಲಿರಲಿ. ಬೆಂಡಿನ ತುದಿ ನೀರಿನ ಮೇಲೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಕಾಣದಂತೆ ಗುಂಡುಗಳನ್ನು ಹೊಂದಿಸಿ.

ಬೆಂಡು ಅಲ್ಲಾಡುವುದೇ ಇಲ್ಲ ಎನ್ನುತ್ತೀರಿ. ಅಲ್ಲಾಡಿರುತ್ತದೆ, ನೀವು ನೋಡಿರುವುದಿಲ್ಲ. ಚಳಿಗಾಲದ ಗೆಂಡೆ ಬೆಂಡನ್ನು ಗುಳುಕ್ಕೆಂದು ಮುಳುಗಿಸುವುದಿಲ್ಲ. ತಳದ ಎರೆಯನ್ನು ಹೀರಿ ಒಂದು ಗೇಣು ಮೇಲಕ್ಕೆತ್ತುತ್ತದೆ. ಆಗ ಸೀಸದ ಭಾರ ಕಳಚಿದಂತಾಗಿ ಬೆಂಡು ಅರ್ಧ ಇಂಚು ಮೇಲಕ್ಕೆ ಏಳುತ್ತದೆ. ಎಳೆಯಬೇಕಾದ್ದು ಆಗಲೇ. ಮುಳುಗಲಿ ಎಂದು ಕಾದರೆ ಅದು ಎರೆ ಉಗುಳಿ ಹೋಗಿರುತ್ತದೆ.

ನೀರಿಗೆ ಮೇವು ಎರಚುವ ಅಭ್ಯಾಸವಿದ್ದರೆ ಕೈ ಬಿಗಿಹಿಡಿಯಿರಿ. ಮೊದಲಿಗೆ ನಿಂಬೆಗಾತ್ರದ ಮೂರು ಉಂಡೆ, ಆಮೇಲೆ ಇಪ್ಪತ್ತು ನಿಮಿಷಕ್ಕೊಂದು ಚಿಟಿಕೆ. ಕೆಜಿಗಟ್ಟಲೆ ಹಿಂಡಿ ಸುರಿದರೆ ಮೀನು ಅದನ್ನೇ ತಿಂದು ಆ ದಿನದ ಊಟ ಮುಗಿಸುತ್ತದೆ. ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆ ಕೇಳಿಯೇ ಕೂರಿ. ಮರಿ ಬಿಟ್ಟು ಸಾಕಿದವರು ಅವರು.

ಪ್ರಶ್ನೆ: ಹಿಂಡಿ ಮತ್ತು ಮೈದಾ ಕಲಸಿದ ಎರೆ ನೀರಿಗೆ ಬಿದ್ದ ಎರಡೇ ನಿಮಿಷಕ್ಕೆ ಕರಗಿಹೋಗುತ್ತದೆ. ಗಟ್ಟಿಯಾಗಿ ಕಲಸಿದರೆ ಚಳಿಗೆ ಕಲ್ಲಾಗುತ್ತದೆ. ಸರಿಯಾದ ಅಳತೆ ಹೇಳಿ. (ಮಂಡ್ಯ)

ಉತ್ತರ: ಕಲ್ಲಾಗುವುದಕ್ಕೆ ಕಾರಣ ಬಹುಶಃ ಕೊಬ್ಬರಿ ಹಿಂಡಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಬಚ್ಚಲಮನೆಯ ಬಾಟಲಿಯಲ್ಲಿ ಆಗುವುದೇ ಕೆರೆಯ ತಳದಲ್ಲಿ ನಿಮ್ಮ ಉಂಡೆಗೂ ಆಗುತ್ತದೆ. ಚಳಿಗಾಲಕ್ಕೆ ಕಡಲೆಕಾಯಿ ಹಿಂಡಿಯೇ ಸರಿ.

ಕರಗುವುದಕ್ಕೆ ಕಾರಣ, ಮೈದಾದ ಅಂಟು ಹುಟ್ಟುವ ಮೊದಲೇ ಹಿಂಡಿ ಬೆರೆಸಿರುವುದು. 100 ಗ್ರಾಂ ಮೈದಾಕ್ಕೆ 60 ಮಿ.ಲೀ. ನೀರು ಹಾಕಿ, ಎಳೆದರೆ ರಬ್ಬರಿನಂತೆ ಹಿಂದಕ್ಕೆ ಹೋಗುವವರೆಗೆ ಎಂಟು ನಿಮಿಷ ನಾದಿ. ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಹುರಿದು ಪುಡಿಮಾಡಿದ ಹಿಂಡಿ 50 ಗ್ರಾಂ, ಜರಡಿ ಹಿಡಿದ ಅಕ್ಕಿ ತೌಡು 25 ಗ್ರಾಂ, ಒಂದು ಚಮಚ ಬೆಲ್ಲದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ, ಬೇಕಾದಾಗ ಚಮಚದಲ್ಲಿ ನೀರು ಚಿಮುಕಿಸುತ್ತಾ ಮಿದ್ದಿ. ತೌಡು ಇದಕ್ಕಿಂತ ಹೆಚ್ಚಾದರೆ ಅಂಟನ್ನು ಕತ್ತರಿಸುತ್ತದೆ. ಹರಿಯುವ ನೀರಿಗಾದರೆ ಒಂದು ಚಿಟಿಕೆ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಬಹುದು.

ಮನೆಯಲ್ಲಿ ರಾಗಿ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ಗಾಳ ಹಾಕುತ್ತಿದ್ದ ಕಾಲದಲ್ಲಿ ಹೆಸರಾದ ಎರೆ ರಾಗಿ ಉಂಡೆಯೇ. ರಾಗಿಯಲ್ಲಿ ಅಂಟಿಲ್ಲ, ಹಿಡಿತವೆಲ್ಲ ಬೇಯಿಸುವುದರಿಂದ ಬರಬೇಕು. ಎರಡು ಲೋಟ ನೀರು ಕುದಿಸಿ, ಒಂದು ಲೋಟ ಹಿಟ್ಟು ಹಾಕಿ, ಮುದ್ದೆಗೆ ತಿರುವಿದ ಹಾಗೆ ತಿರುವಿ, ಊಟದ ಮುದ್ದೆಗಿಂತ ಐದು ನಿಮಿಷ ಹೆಚ್ಚಿಗೆ ಬೇಯಿಸಿ. ಪೂರ್ತಿ ಆರಿದ ಮೇಲೆ ಮಿದ್ದಿ ಉಂಡೆ ಕಟ್ಟಿ. ಹೊರಡುವ ಮೊದಲು ಒಂದನ್ನು ಲೋಟದ ನೀರಿಗೆ ಹಾಕಿ ನೋಡಿ: ಹದಿನೈದು ನಿಮಿಷ ಆಕಾರ ಉಳಿಸಿಕೊಂಡು, ಅಂಚಿನಲ್ಲಿ ಮಾತ್ರ ಸಣ್ಣಗೆ ಕದಡುತ್ತಿದ್ದರೆ ಹದ ಸರಿ.

ಪ್ರಶ್ನೆ: ಹೊಸ ವರ್ಷಕ್ಕೆ ಭೀಮೇಶ್ವರಿಗೆ ಹೋಗುತ್ತಿದ್ದೇವೆ. ಅಲ್ಲಿ ಮಹಶೀರ್ ಹಿಡಿದು, ಫೋಟೊ ತೆಗೆದುಕೊಂಡು ಮತ್ತೆ ಬಿಡಬಹುದಂತೆ. ರಾಡ್ ತೆಗೆದುಕೊಂಡು ಹೋಗಬೇಕೇ? (ಬೆಂಗಳೂರು)

ಉತ್ತರ: ಬೇಡ. ನೀವು ಕೇಳಿದ್ದು ಹಳೆಯ ಕಥೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳು ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದವು. ಆದರೆ ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ಭಾಗ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಿಗಿಯಿಂದ ಶಿಬಿರಗಳ ಗಾಳ ನಿಂತು ದಶಕ ಮೀರಿದೆ.

ಬಿಟ್ಟುಬಿಡುವುದಾದರೆ ತಪ್ಪೇನು ಎಂದು ಹಲವರು ಕೇಳುತ್ತಾರೆ. ಆ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಗಾಳದವರು ದಿನವಿಡೀ ಹೊಳೆಯ ದಡದಲ್ಲಿರುತ್ತಿದ್ದುದರಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ಅಂಜಿಕೆಯಿತ್ತು, ಅವರು ಬರೆದಿಟ್ಟ ತೂಕದ ಲೆಕ್ಕಗಳು ಆಮೇಲೆ ವಿಜ್ಞಾನಿಗಳಿಗೂ ಒದಗಿದವು. ಆದರೆ ಈಗ ಉಳಿದಿರುವ ಮೀನಿನ ಸ್ಥಿತಿಯೇ ಬೇರೆ. ಕಾವೇರಿಗೇ ಸೀಮಿತವಾದ, ಬೆನ್ನಿನ ಮೇಲೆ ಗೂನಿರುವ ಈ ಮಹಶೀರ್‌ಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಇವುಗಳ ಜೊತೆಗೆ, ಒಳ್ಳೆಯದೆಂದೇ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಮರಿಗಳೂ ಅದರ ಜಾಗವನ್ನು ಆಕ್ರಮಿಸಿದವು. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮೀನಿನ ದಾಖಲೆ ಇವತ್ತಿಗೂ ಮಾತಿನಲ್ಲಿದೆ.

ರಾಡಿನ ಬದಲು ದುರ್ಬೀನು ಒಯ್ಯಿರಿ. ಬೆಳಗ್ಗೆ ಬಂಡೆಗಳ ಮೇಲೆ ನೀರುನಾಯಿಗಳ ಗುಂಪು ಕಾಣುತ್ತದೆ. ದಡದ ಮತ್ತಿಮರಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲಿದೆ, ಕರ್ನಾಟಕದಲ್ಲಿ ಅದನ್ನು ನೋಡಲು ಇದೇ ಜಾಗ. ನೀರಿಗಿಳಿಯಬೇಡಿ, ಮೊಸಳೆ ಇದೆ, ಸುಳಿಯೂ ಇದೆ. ಮಹಶೀರ್ ಅನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ರಾಮನಾಥಪುರ, ಶೃಂಗೇರಿ, ಶಿಶಿಲದ ದೇವರ ಮೀನುಗಳಿವೆ. ಮೆಟ್ಟಿಲಲ್ಲಿ ನಿಂತರೆ ಕಾಲ ಬುಡದಲ್ಲೇ ಬಾಯಿ ತೆರೆಯುತ್ತವೆ, ಗಾಳ ಹಾಕುವವರು ಯಾರೂ ಇಲ್ಲ.

ಪ್ರಶ್ನೆ: ಮಗನ ಬೆರಳಿಗೆ ಗಾಳದ ಕೊಕ್ಕೆ ಚುಚ್ಚಿಕೊಂಡಿತು. ಎಳೆದು ತೆಗೆಯಲು ಹೋಗಿ ಗಾಯ ದೊಡ್ಡದಾಯಿತು. ಸರಿಯಾದ ವಿಧಾನವೇನು? (ಸಾಗರ)

ಉತ್ತರ: ಬಂದ ದಾರಿಯಲ್ಲಿ ಹಾಗೆಯೇ ಎಳೆದರೆ ಕೊಕ್ಕೆಯ ಹಿಮ್ಮುಳ್ಳು ಮಾಂಸ ಹರಿಯುತ್ತದೆ. ಆಗಿರುವುದು ಅದೇ. ಕೊಕ್ಕೆಯ ಬಾಗಿಗೆ ಗಟ್ಟಿ ದಾರದ ಕುಣಿಕೆ ಹಾಕಿ. ಕೊಕ್ಕೆಯ ಉದ್ದನೆಯ ಕಡ್ಡಿಯನ್ನು ಇನ್ನೊಂದು ಕೈಯ ಬೆರಳಿನಿಂದ ಚರ್ಮಕ್ಕೆ ಒತ್ತಿ ಹಿಡಿಯಿರಿ, ಒತ್ತಿದಾಗ ಹಿಮ್ಮುಳ್ಳು ಮಾಂಸ ಬಿಡುತ್ತದೆ. ಹಾಗೆ ಒತ್ತಿಕೊಂಡೇ ದಾರವನ್ನು ಚರ್ಮಕ್ಕೆ ಸಮಾನಾಂತರವಾಗಿ, ಚುಚ್ಚಿದ ದಿಕ್ಕಿಗೆ ವಿರುದ್ಧವಾಗಿ ಒಂದೇ ಏಟಿಗೆ ಜಗ್ಗಿ. ಕೊಕ್ಕೆ ಹಾರಿ ಬರುತ್ತದೆ, ಎದುರಿಗೆ ಯಾರೂ ನಿಂತಿರಬಾರದು. ಸೋಪು ನೀರಲ್ಲಿ ತೊಳೆದು ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಡಾಕ್ಟರನ್ನು ಕೇಳಿ. ಕಣ್ಣು, ಮುಖ, ಕೀಲು, ಆಳದ ಗಾಯ ಅಥವಾ ಮೂರು ಕೊಕ್ಕೆಯ ಗೊಂಚಲಾದರೆ ಮನೆಯಲ್ಲಿ ಕೈ ಹಾಕಲೇಬೇಡಿ. ಮಕ್ಕಳ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕುಳದಿಂದ ಮೊದಲೇ ಅಮುಕಿಬಿಟ್ಟರೆ ಈ ರಗಳೆಯೇ ಇಲ್ಲ.

ಪ್ರಶ್ನೆ: ಡಿಸೆಂಬರ್ ಕೊನೆಗೆ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವುದನ್ನು ತೋರಿಸಬೇಕೆಂದಿದೆ. ಐಸ್ ಎಷ್ಟು ದಪ್ಪವಿದ್ದರೆ ಸುರಕ್ಷಿತ? ಏನೇನು ಬೇಕು? (ಮಿನ್ನಿಯಾಪೊಲಿಸ್)

ಉತ್ತರ: ನಡೆದುಹೋಗಲು ಹೊಸ, ಪಾರದರ್ಶಕ ಐಸ್ ಕನಿಷ್ಠ 4 ಅಂಗುಲ ಇರಬೇಕು ಎನ್ನುವುದು ಮಿನ್ನೆಸೋಟ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕ. ಹಿಮ ನೆನೆದು ಗಟ್ಟಿಯಾದ ಬಿಳಿ ಐಸಿಗೆ ಅರ್ಧದಷ್ಟೇ ಬಲ, ಅಲ್ಲಿ 8 ಅಂಗುಲ ಬೇಕು. ಚಿಕ್ಕ ಕಾರಿಗೆ 9ರಿಂದ 10 ಅಂಗುಲ ಎಂದಿದೆ. ಆದರೆ ಡಿಸೆಂಬರಿನಲ್ಲಿ, ಅದೂ ಹಿರಿಯರನ್ನು ಕೂರಿಸಿಕೊಂಡು ಕಾರನ್ನು ಕೆರೆಗೆ ಇಳಿಸುವ ಯೋಚನೆಯೇ ಬೇಡ. ಒಂದೇ ಕೆರೆಯಲ್ಲಿ ಇಲ್ಲಿ 8 ಅಂಗುಲ, ಅಲ್ಲಿ 3 ಇರಬಹುದು. ತೊರೆ ಸೇರುವ ಬಾಯಿ, ಸೇತುವೆಯ ಕೆಳಗೆ, ಜೊಂಡಿನ ಅಂಚು, ನೀರೂಟೆ ಇರುವ ಕಡೆ ತೆಳು. ಐಸಿನ ಮೇಲೆ ಹಿಮ ದಪ್ಪಗೆ ಕೂತರೆ ಅದು ಕಂಬಳಿ ಹೊದಿಸಿದಂತೆ, ಕೆಳಗೆ ಐಸ್ ಬೆಳೆಯುವುದು ನಿಧಾನವಾಗುತ್ತದೆ. ಕಬ್ಬಿಣದ ಹಾರೆಯಿಂದ ಮುಂದೆ ಕುಟ್ಟಿಕೊಂಡು ನಡೆಯಿರಿ, 150 ಅಡಿಗೊಮ್ಮೆ ತೂತು ಕೊರೆದು ಅಳೆಯಿರಿ.

ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ. ಹಾಗಾಗಿ ಐಸಿಗೆ ತಾಗಿದ ನೀರು ಸೊನ್ನೆಯಲ್ಲಿದ್ದರೂ ತಳದಲ್ಲಿ ನಾಲ್ಕರ ಆಸುಪಾಸು ಇರುತ್ತದೆ. ನಮ್ಮ ಕೆರೆಗಳ ಲೆಕ್ಕಕ್ಕೆ ಮೇಲು ಕೆಳಗಾಯಿತು: ಇಲ್ಲಿ ಬೆಚ್ಚಗಿರುವುದು ತಳವೇ. ಮೊದಲ ಸಲದವರಿಗೆ ಪರ್ಚ್, ಸನ್‌ಫಿಶ್ ಸುಲಭ. 6 ಇಲ್ಲವೇ 8 ಅಂಗುಲದ ಕೊರೆಯುವ ಆಗರ್, 24ರಿಂದ 30 ಅಂಗುಲದ ಪುಟ್ಟ ರಾಡ್, 4 ಪೌಂಡ್ ಭಾರ ತಡೆಯುವ ದಾರ, ಚಿಕ್ಕ ಜಿಗ್ (ತಲೆಯಲ್ಲಿ ಭಾರದ ಗುಂಡಿರುವ ಕೊಕ್ಕೆ), ಅದರ ತುದಿಗೆ ಮೇಣದ ಹುಳು. ಜಿಗ್ ತಳ ಮುಟ್ಟಿದ ಮೇಲೆ ಒಂದಡಿ ಮೇಲಕ್ಕೆತ್ತಿ, ಎರಡು ಸಲ ಮೆಲ್ಲಗೆ ಕುಣಿಸಿ, ಹತ್ತು ಸೆಕೆಂಡು ಅಲುಗಿಸದೆ ಹಿಡಿಯಿರಿ. ಕಚ್ಚುವುದು ಸುಮ್ಮನಿದ್ದಾಗಲೇ. ಕುಣಿಸುತ್ತಲೇ ಇದ್ದರೆ ಮೀನು ಬಂದು ನೋಡಿ ಹಿಂದಿರುಗುತ್ತದೆ. ತೂತಿನಲ್ಲಿ ಮತ್ತೆ ಮತ್ತೆ ಕಟ್ಟುವ ಐಸಿನ ಚೂರು ತೆಗೆಯಲು ಅಂಗಡಿಯಲ್ಲಿ ಸೌಟು ಸಿಗುತ್ತದೆ, ಬೋಂಡಾ ತೆಗೆಯುವ ಜಾಲರಿ ಸೌಟು ಮನೆಯಲ್ಲಿದ್ದರೆ ಅದೇ ಸಾಕು. ಬಿಡಬೇಕಾದ ಮೀನನ್ನು ಐಸಿನ ಮೇಲೆ ಮಲಗಿಸಬೇಡಿ, ಮೈನಸ್ 15ರಲ್ಲಿ ಅದರ ಕಣ್ಣು, ಕಿವಿರು ಕ್ಷಣದಲ್ಲಿ ಹೆಪ್ಪುಗಟ್ಟುತ್ತವೆ. ಮನೆಗೊಯ್ಯುವ ಪರ್ಚ್‌ಗೆ ರವೆ ಫ್ರೈ ಹೇಳಿ ಮಾಡಿಸಿದಂತಿದೆ.

ಅಪ್ಪ ಅಮ್ಮನ ಬಟ್ಟೆ ಮುಖ್ಯ. ಹತ್ತಿ ಬನಿಯನ್, ಜೀನ್ಸ್ ಬೆವರು ಹೀರಿ ಒದ್ದೆಯಾಗಿ ಮೈಯ ಬಿಸಿ ಕದಿಯುತ್ತವೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಕೋಟು. ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಹಿರಿಯರಿಗೆ ಒಂದೂವರೆ ಗಂಟೆ ಸಾಕು. ರೆಸಾರ್ಟಿನವರು ಐಸಿನ ಮೇಲೆ ಇಟ್ಟಿರುವ ಬಿಸಿ ಮಾಡಿದ ಮನೆಯನ್ನೇ ಬಾಡಿಗೆಗೆ ಹಿಡಿಯುವುದು ಒಳ್ಳೆಯದು. ಸ್ವಂತ ಟೆಂಟಿನಲ್ಲಿ ಗ್ಯಾಸ್ ಹೀಟರ್ ಹಚ್ಚಿದರೆ ಮೇಲೊಂದು ಕೆಳಗೊಂದು ಗಾಳಿಕಿಂಡಿ ತೆರೆದಿಡಿ, ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ನೇತುಹಾಕಿ. ಆ ಅನಿಲಕ್ಕೆ ವಾಸನೆಯಿಲ್ಲ. ತಲೆನೋವು ಬಂತೆಂದರೆ ಮೊದಲು ಹೊರಗೆ ಬನ್ನಿ.

ಕೊರಳಲ್ಲಿ ಒಂದು ಜೊತೆ ಐಸ್ ಮೊಳೆ (ಹಿಡಿಯಿರುವ ಚೂಪು ಮೊಳೆ) ನೇತುಹಾಕಿಕೊಂಡಿರಿ. ಐಸ್ ಒಡೆದು ನೀರಿಗೆ ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ಅಷ್ಟು ಹೊತ್ತು ನಿಮ್ಮನ್ನು ಹೊತ್ತ ಐಸ್ ಅದು. ಮೊಳೆ ಊರಿ, ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ ಹತ್ತಿ, ಎದ್ದು ನಿಲ್ಲದೆ ಉರುಳಿಕೊಂಡು ದೂರ ಬನ್ನಿ. 16 ವರ್ಷ ತುಂಬಿದ, ದಾರ ಹಿಡಿಯುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು. ಪ್ರವಾಸಿಗರಿಗೆ 24 ಗಂಟೆಯದ್ದು ಸಿಗುತ್ತದೆ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ದಾರವಾದರೆ ಐಸಿನ ಮೇಲೆ ಎರಡು ಇಳಿಬಿಡಬಹುದು.

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಹಿಮಾಚಲಕ್ಕೆ ಹೋಗುತ್ತೇವೆ. ತೀರ್ಥನ್ ಹೊಳೆಯಲ್ಲಿ ಟ್ರೌಟ್ ಹಿಡಿಯಬಹುದೇ? (ಹುಬ್ಬಳ್ಳಿ)

ಉತ್ತರ: ಆಗುವುದಿಲ್ಲ. ನವೆಂಬರ್ ಮೊದಲಿನಿಂದ ಫೆಬ್ರವರಿ ಕೊನೆವರೆಗೆ ಅಲ್ಲಿ ಟ್ರೌಟ್ ನೀರಿಗೆ ಗಾಳ ನಿಷೇಧ. ನಮ್ಮ ಗೆಂಡೆಗಳು ಮಳೆಗೆ ಮೊಟ್ಟೆಯಿಟ್ಟರೆ ಕಂದು ಟ್ರೌಟ್ ಇಡುವುದು ಚಳಿಗೆ, ಹರಿಯುವ ನೀರಿನ ಜಲ್ಲಿಯಲ್ಲಿ ಗುಂಡಿ ತೋಡಿ. ಹೊಳೆಯಲ್ಲಿ ಬೂಟು ಹಾಕಿ ಓಡಾಡಿದರೂ ಮೊಟ್ಟೆ ನುಚ್ಚಾಗುತ್ತದೆ. ಮಾರ್ಚ್ ಮೇಲೆ ಹೋಗಿ, ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆಯಿರಿ.

ಪ್ರಶ್ನೆ: ಮಾಗಡಿ ಕೆರೆಗೆ ಮಕ್ಕಳೊಂದಿಗೆ ಹೋಗುವುದಿದೆ. ಹೆಬ್ಬಾತು ಚೆನ್ನಾಗಿ ಕಾಣಬೇಕೆಂದರೆ ಯಾವ ಹೊತ್ತು? ಕ್ಯಾಮೆರಾ ಯಾವುದು? (ಧಾರವಾಡ)

ಉತ್ತರ: ಇದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿದ ಕೆರೆ. ರಾಮನಗರದ ಕಡೆಯ ಮಾಗಡಿಗೆ ದಾರಿ ಹಾಕಿಕೊಂಡು ಹೊರಟೀರಿ! ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಿಂದ ಫೆಬ್ರವರಿವರೆಗೆ ಇರುತ್ತವೆ. ಅವು ಮೀನು ತಿನ್ನುವ ಹಕ್ಕಿಗಳಲ್ಲ, ಹೊಲದ ಪೈರು, ಕಾಳು, ಹುಲ್ಲು ಮೇಯುತ್ತವೆ. ಹೊಲಕ್ಕೂ ಕೆರೆಗೂ ಹಾರಾಡುವ ಮುಂಜಾವು, ಮುಸ್ಸಂಜೆ ನೋಡಲು ಚೆಂದ. ನಡುಹಗಲು ಗುಂಪಾಗಿ ಕೂತಿರುವಾಗ ತಲೆಯ ಎರಡು ಕಪ್ಪು ಪಟ್ಟೆಗಳನ್ನು ಎಣಿಸಲು ಸುಲಭ. ಸೂರ್ಯ ನಿಮ್ಮ ಬೆನ್ನಿಗಿರಲಿ. ಮಕ್ಕಳ ಕೈಗೆ 8x42 ದುರ್ಬೀನು ಕೊಡಿ. 10 ಅಥವಾ 12 ಪಟ್ಟು ಹಿಗ್ಗಿಸುವುದು ಕೈ ನಡುಗಿದರೆ ಏನನ್ನೂ ತೋರಿಸುವುದಿಲ್ಲ. ಕ್ಯಾಮೆರಾಗೆ 400 ಮಿ.ಮೀ. ಲೆನ್ಸ್ ಸಾಕು. ಹಕ್ಕಿಗಳು ಕತ್ತೆತ್ತಿ ಒಂದೇ ಕಡೆ ನೋಡತೊಡಗಿದರೆ ನೀವು ಹತ್ತಿರವಾದಿರಿ ಎಂದರ್ಥ, ಎರಡು ಹೆಜ್ಜೆ ಹಿಂದೆ ಬನ್ನಿ. ಕೊರಳಪಟ್ಟಿ ಇರುವ ಹಕ್ಕಿ ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ, ದಿನ ಬರೆದುಕೊಂಡು ಅರಣ್ಯ ಸಿಬ್ಬಂದಿಗೆ ತಿಳಿಸಿ. ಮಂಗೋಲಿಯಾದಲ್ಲಿ ತೊಡಿಸಿದ ಪಟ್ಟಿಗಳ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ.

ಮೊದಲ ಪ್ರಶ್ನೆಯ ತುಮಕೂರಿನವರಿಗೂ ಇದರಲ್ಲೊಂದು ಮಾತಿದೆ. ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಸಾಡಬೇಡಿ. ಬಾತು, ಕೊಕ್ಕರೆಗಳ ಕಾಲಿಗೆ ಸುತ್ತಿ ಬಿಗಿದರೆ ಕಾಲೇ ಹೋಗುತ್ತದೆ. ಅಂಗೈಗೆ ಸುತ್ತಿ, ಗೇಣುದ್ದದ ಚೂರುಗಳಾಗಿ ಕತ್ತರಿಸಿ ಮನೆಗೆ ತನ್ನಿ.

ಪ್ರಶ್ನೆ: ಹೊನ್ನಾವರ ಕಡೆಯ ಕಡಲತೀರದಲ್ಲಿ ರಾತ್ರಿ ಕಾಣೆ ಮೀನಿಗೆ ಗಾಳ ಹಾಕುತ್ತಿರುವಾಗ ಕಡಲಾಮೆ ಮೇಲೆ ಬಂತು. ಏನು ಮಾಡಬೇಕೆಂದು ತೋಚಲಿಲ್ಲ. (ಕುಮಟಾ)

ಉತ್ತರ: ಅದು ಆಲಿವ್ ರಿಡ್ಲೆ ಇರಬೇಕು. ಚಳಿಗಾಲದಲ್ಲಿ ಆ ತೀರಕ್ಕೆ ಮೊಟ್ಟೆಯಿಡಲು ಬರುತ್ತದೆ. ಮೊದಲು ಟಾರ್ಚ್ ಆರಿಸಿ, ಆಮೇಲೆ ದಾರ ಸುತ್ತಿಕೊಳ್ಳಿ. ಬೆಳಕು ಕಂಡರೆ ಆಮೆ ಮೊಟ್ಟೆಯಿಡದೆಯೇ ಮರಳಿಬಿಡಬಹುದು. ಅದರ ಮುಂದೆ ನಿಲ್ಲಬೇಡಿ, ಹಿಂದೆ ದೂರದಲ್ಲಿ ಕೂತಿರಿ. ನಾಯಿ ಇದ್ದರೆ ಹಿಡಿದುಕೊಳ್ಳಿ. ನೂರರ ಆಸುಪಾಸು ಮೊಟ್ಟೆಯಿಟ್ಟು ಮರಳು ಮುಚ್ಚಿ ಅದು ಹೋದ ಮೇಲೆ ಆ ಜಾಗ ತುಳಿಯದೆ, ಪಕ್ಕದಲ್ಲೊಂದು ಕೋಲು ನೆಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಮೊಟ್ಟೆಯನ್ನು ನೀವೇ ತೆಗೆದು ಬೇರೆಡೆ ಇಡಲು ಹೋಗಬೇಡಿ. ಇಟ್ಟು ಕೆಲವು ಗಂಟೆ ಕಳೆದ ಮೊಟ್ಟೆ ಮಗುಚಿದರೆ ಒಳಗಿನ ಭ್ರೂಣ ಸಾಯುತ್ತದೆ. ಮರಿಗಳು ಒಂದೂವರೆಯಿಂದ ಎರಡು ತಿಂಗಳಿಗೆ ಹೊರಬರುತ್ತವೆ. ಅಲ್ಲಿಯವರೆಗೆ ಗಾಳ ಹಾಕಲು ತೀರದ ಇನ್ನೊಂದು ತುದಿ ಹುಡುಕಿಕೊಳ್ಳಿ.